ಮಕ್ಕಳೊಂದಿಗೆ ಜಿಯೋಕ್ಯಾಶಿಂಗ್: ಮೈಸೂರು, ಮಂಡ್ಯದ ಮನೆಯವರು ಎಲ್ಲಿಂದ ಆರಂಭಿಸಬೇಕು

ಒಬ್ಬರು ಒಂದು ಡಬ್ಬಿಯನ್ನು ಎಲ್ಲಾದರೂ ಬಚ್ಚಿಟ್ಟು, ಆ ಜಾಗದ ಅಕ್ಷಾಂಶ ಮತ್ತು ರೇಖಾಂಶಗಳನ್ನು ಅಂತರಜಾಲದಲ್ಲಿ ಪ್ರಕಟಿಸುತ್ತಾರೆ. ಇನ್ನೊಬ್ಬರು ಜಿಪಿಎಸ್ ನೆರವಿನಿಂದ ಅಲ್ಲಿಗೆ ಹೋಗಿ, ಡಬ್ಬಿಯನ್ನು ಪತ್ತೆಹಚ್ಚಿ, ಒಳಗಿರುವ ಪುಟ್ಟ ಪುಸ್ತಕದಲ್ಲಿ ಹೆಸರು ಮತ್ತು ದಿನಾಂಕ ಬರೆದು, ಎಲ್ಲವನ್ನೂ ಇದ್ದ ಹಾಗೆಯೇ ಇಟ್ಟು ಬರುತ್ತಾರೆ. ಜಿಯೋಕ್ಯಾಶಿಂಗ್ ಎಂಬ ಹವ್ಯಾಸದ ತಿರುಳು ಇಷ್ಟೇ. ನಾಗರಿಕರು ಬಳಸುವ ಜಿಪಿಎಸ್ ಸಂಕೇತದಲ್ಲಿ ಬೇಕೆಂದೇ ಬೆರೆಸುತ್ತಿದ್ದ ದೋಷವನ್ನು ಅಮೆರಿಕ ಸರ್ಕಾರವು 2000ನೇ ಇಸವಿಯ ಮೇ ತಿಂಗಳ ಆರಂಭದಲ್ಲಿ ನಿಲ್ಲಿಸಿತು. ಅದುವರೆಗೆ ನೂರು ಮೀಟರ್‌ವರೆಗೂ ತಪ್ಪುತ್ತಿದ್ದ ಉಪಕರಣ ಒಮ್ಮೆಲೇ ಹಲವು ಪಟ್ಟು ನಿಖರವಾಯಿತು. ಅದನ್ನು ಪರೀಕ್ಷಿಸಲೆಂದು ಡೇವ್ ಉಲ್ಮರ್ ಎಂಬುವರು ಅದೇ ಮೇ 3ರಂದು ಒರೆಗಾನ್ ರಾಜ್ಯದ ಬೀವರ್‌ಕ್ರೀಕ್ ಬಳಿ ಒಂದು ಬಕೆಟ್ಟಿನಲ್ಲಿ ಒಂದಿಷ್ಟು ಸಾಮಾನು ತುಂಬಿಟ್ಟು, ‘ಏನಾದರೂ ತೆಗೆದುಕೊಳ್ಳಿ, ಏನಾದರೂ ಇಡಿ’ ಎಂಬ ನಿಯಮದೊಂದಿಗೆ ಅದರ ಸ್ಥಾನವನ್ನು ಪ್ರಕಟಿಸಿದರು. ಜಿಯೋಕ್ಯಾಶಿಂಗ್ ಡಾಟ್ ಕಾಮ್ ಜಾಲತಾಣವು ಅದೇ ವರ್ಷದ ಸೆಪ್ಟೆಂಬರಿನಲ್ಲಿ ಆರಂಭವಾಯಿತು.

ಈ ಹವ್ಯಾಸದ ಬಗ್ಗೆ ಹೊರದೇಶಗಳವರು ಹೇಳುವ ಮೊದಲ ಸಲಹೆಯೆಂದರೆ, ಹತ್ತಾರು ಡಬ್ಬಿಗಳನ್ನು ಹುಡುಕಿದ ಮೇಲೆಯೇ ಸ್ವಂತದ್ದನ್ನು ಬಚ್ಚಿಡಬೇಕು ಎಂಬುದು. ಸಾರ್ವಜನಿಕ ಡಬ್ಬಿಯ ವಿಷಯದಲ್ಲಿ ಅದು ಸರಿಯಾದ ಮಾತು. ಆದರೆ ಮೈಸೂರು ಅಥವಾ ಮಂಡ್ಯದಲ್ಲಿರುವ, ಚಿಕ್ಕ ಮಕ್ಕಳಿರುವ ಮನೆಯವರು ತಮ್ಮ ಆಟವನ್ನು ತಿರುವುಮುರುವಾಗಿ ಆರಂಭಿಸುವುದೇ ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ: ಮೊದಲು ನಮ್ಮವರ ಜಾಗದಲ್ಲಿ ನಾವೇ ಬಚ್ಚಿಡುವುದು, ಆಮೇಲೆ ಊರಿನಲ್ಲಿ ಪೆಟ್ಟಿಗೆಯೇ ಇಲ್ಲದ ಹುಡುಕಾಟ ನಡೆಸುವುದು, ಕೊನೆಗೆ ಅಪರಿಚಿತರ ಡಬ್ಬಿಗೆ ಹೋಗುವುದು. ಇದಕ್ಕೆ ಎರಡು ಕಾರಣಗಳಿವೆ. ಯುರೋಪ್, ಅಮೆರಿಕಗಳ ನಗರಗಳಲ್ಲಿ ಕಾಣುವಷ್ಟು ದಟ್ಟವಾಗಿ ನಮ್ಮ ಕಡೆಯ ನಕ್ಷೆಯಲ್ಲಿ ಡಬ್ಬಿಗಳು ಕಾಣುವುದಿಲ್ಲ. ದೂರ ಹೋಗಿ ಏನೂ ಸಿಗದೆ ಹಿಂದಿರುಗಿದ ಐದು ವರ್ಷದ ಮಗು ಮತ್ತೊಮ್ಮೆ ಹೊರಡಲು ಒಪ್ಪುವುದು ಕಷ್ಟ. ಎರಡನೆಯದು ಇನ್ನೂ ಮುಖ್ಯ. ವಾರಸುದಾರರಿಲ್ಲದ ವಸ್ತುಗಳನ್ನು ಮುಟ್ಟಬೇಡಿ ಎಂದು ರೈಲು ನಿಲ್ದಾಣದಲ್ಲೂ ಬಸ್ ನಿಲ್ದಾಣದಲ್ಲೂ ಕೇಳಿಸಿಕೊಂಡೇ ನಮ್ಮ ಮಕ್ಕಳು ಬೆಳೆಯುತ್ತಾರೆ. ಆ ಎಚ್ಚರಿಕೆ ಅಗತ್ಯವಾದದ್ದು; ಒಂದು ಆಟಕ್ಕಾಗಿ ಅದನ್ನು ಸಡಿಲಿಸಬಾರದು.

ಮನೆಯಲ್ಲಿ: ಅಂಕಿಗಳ ಪರಿಚಯ

ಮೊದಲು ಹಿರಿಯರು ಅಕ್ಷಾಂಶ, ರೇಖಾಂಶಗಳನ್ನು ಬರೆಯುವ ಕ್ರಮವನ್ನು ಅರಿತುಕೊಳ್ಳಬೇಕು, ಏಕೆಂದರೆ ಹೊಸಬರು ಎಡವುವುದು ಹೆಚ್ಚಾಗಿ ಇಲ್ಲಿಯೇ. ಫೋನಿನಲ್ಲಿ ಗೂಗಲ್ ಮ್ಯಾಪ್ಸ್ ತೆರೆದು ಒಂದು ಜಾಗದ ಮೇಲೆ ಬೆರಳನ್ನು ಒತ್ತಿ ಹಿಡಿದರೆ ದಶಮಾಂಶ ರೂಪದ ಡಿಗ್ರಿಗಳು ಕಾಣುತ್ತವೆ. ಮೈಸೂರು ಅರಮನೆಯ ಆವರಣದ ಒಂದು ಬಿಂದುವಿಗೆ ಅದು 12.3052, 76.6552 ಎಂದು ತೋರಿಸೀತು. ಜಿಯೋಕ್ಯಾಶಿಂಗ್‌ನಲ್ಲಿ ಬಳಕೆಯಲ್ಲಿರುವುದು ಡಿಗ್ರಿ ಮತ್ತು ದಶಮಾಂಶ ನಿಮಿಷಗಳ ರೂಪ. ದಶಮಾಂಶ ಬಿಂದುವಿನ ನಂತರದ ಭಾಗವನ್ನು ಅರವತ್ತರಿಂದ ಗುಣಿಸಿದರೆ ನಿಮಿಷ ಸಿಗುತ್ತದೆ: 0.3052 ಅನ್ನು 60ರಿಂದ ಗುಣಿಸಿದರೆ 18.312. ಆದುದರಿಂದ ಆ ಬಿಂದುವು ಉತ್ತರ 12° 18.312′, ಪೂರ್ವ 76° 39.312′ ಆಗುತ್ತದೆ. ಗುಣಾಕಾರ ಮಾಡದೆ 12.3052 ಎಂಬುದನ್ನು ನೇರವಾಗಿ 12° 30.52′ ಎಂದು ಓದಿಕೊಂಡರೆ, ಉತ್ತರಕ್ಕೆ 22 ಕಿಲೋಮೀಟರಿಗೂ ಹೆಚ್ಚು ಸರಿದು, ಅರಮನೆಗೆ ಹೊರಟವರು ಪಾಂಡವಪುರದ ಹತ್ತಿರ ತಲುಪುತ್ತಾರೆ!

ಗುಣಾಕಾರ ಕಲಿತಿರುವ ಮಕ್ಕಳಿಗೆ ಈ ಲೆಕ್ಕವನ್ನೇ ಬಿಟ್ಟುಕೊಡಬಹುದು. ಇನ್ನೂ ಚಿಕ್ಕವರಿಗೆ ಅಂಕಿಗಳು ನಡೆಯುವುದರೊಂದಿಗೆ ಬದಲಾಗುತ್ತವೆ ಎಂಬುದು ತಿಳಿದರೆ ಸಾಕು. ನಮ್ಮ ಭಾಗದಲ್ಲಿ ನಿಮಿಷದ ಸಾವಿರದ ಒಂದು ಭಾಗ, ಅಂದರೆ ಕೊನೆಯ ಅಂಕಿಯ ಒಂದು ಏರಿಕೆಯು, ಉತ್ತರ ದಕ್ಷಿಣವಾಗಿಯೂ ಪೂರ್ವ ಪಶ್ಚಿಮವಾಗಿಯೂ ಸುಮಾರು 1.8 ಮೀಟರಿಗೆ ಸಮ. ಬಡಾವಣೆಯ ಬಯಲಿನಲ್ಲಿ ನಿಂತು, ಉತ್ತರಕ್ಕೆ ಮುಖ ಮಾಡಿ, ಕೊನೆಯ ಅಂಕಿ ಹತ್ತು ಹೆಚ್ಚುವವರೆಗೆ ನಡೆಯಲು ಹೇಳಿದರೆ ಮಗು ಹದಿನೆಂಟು ಮೀಟರ್ ನಡೆದಿರುತ್ತದೆ. ತೆರೆದ ಆಕಾಶದ ಕೆಳಗೆ ಸಾಮಾನ್ಯ ಫೋನು ಐದು ಮೀಟರಿನಷ್ಟು ನಿಖರವಾಗಿರುತ್ತದೆ. ದಟ್ಟ ಮರಗಳ ಕೆಳಗೆ, ಎತ್ತರದ ಕಟ್ಟಡಗಳ ನಡುವೆ ಅಷ್ಟು ನಿಖರತೆ ಇರುವುದಿಲ್ಲ. ಕೊನೆಯ ಹತ್ತು ಮೀಟರಿನಲ್ಲಿ ಬಾಣದ ಗುರುತು ಆ ಕಡೆ ಈ ಕಡೆ ಓಲಾಡತೊಡಗಿದಾಗ ಫೋನನ್ನು ಜೇಬಿಗಿಟ್ಟು ಕಣ್ಣಿನಿಂದ ಹುಡುಕಬೇಕು ಎಂಬುದನ್ನು ಇಲ್ಲಿಯೇ ಕಲಿಸಬೇಕು. ಫೋನಿನ ಕವಚದಲ್ಲಿ ಅಯಸ್ಕಾಂತದ ಮುಚ್ಚಳವಿದ್ದರೆ ದಿಕ್ಸೂಚಿ ತಪ್ಪು ದಿಕ್ಕು ತೋರಿಸುವುದುಂಟು, ಹಾಗಾಗಿ ಅದನ್ನು ತೆಗೆದಿಡುವುದು ಒಳ್ಳೆಯದು.

ದಿಕ್ಕುಗಳ ಪಾಠಕ್ಕೆ ನಮ್ಮ ನೆಲದ್ದೇ ಒಂದು ಪ್ರಸಂಗವನ್ನು ಮಕ್ಕಳಿಗೆ ಹೇಳಬಹುದು. 1799ರ ಶ್ರೀರಂಗಪಟ್ಟಣದ ಯುದ್ಧದಲ್ಲಿ ಬ್ರಿಟಿಷ್ ಪಡೆಯೊಂದು ರಾತ್ರಿಯ ವೇಳೆ ತಪ್ಪು ದಿಕ್ಕಿನಲ್ಲಿ ಸಾಗುತ್ತಿರುವುದನ್ನು ವಿಲಿಯಂ ಲ್ಯಾಂಬ್ಟನ್ ಎಂಬ ಅಧಿಕಾರಿ ನಕ್ಷತ್ರಗಳನ್ನು ನೋಡಿಯೇ ಗುರುತಿಸಿದರೆಂದು ಹೇಳುತ್ತಾರೆ. ಮುಂದೆ ಭಾರತದ ಮಹಾ ತ್ರಿಕೋನಮಿತಿ ಸರ್ವೇಕ್ಷಣೆಯನ್ನು ಆರಂಭಿಸಿದವರು ಅವರೇ.

ನಮ್ಮವರ ಜಾಗದಲ್ಲಿ: ಮೊದಲ ಡಬ್ಬಿ

ಮಂಡ್ಯದ ಕಡೆ ಅಜ್ಜನ ತೋಟವೋ ಚಿಕ್ಕಪ್ಪನ ತೆಂಗಿನ ತೋಪೋ ಇರುವ ಮನೆಯವರು ಅದೃಷ್ಟವಂತರು. ಅದಿಲ್ಲದವರು ಸ್ನೇಹಿತರ ಮನೆಯ ಹಿತ್ತಲನ್ನು ಅಥವಾ ವಸತಿ ಸಮುಚ್ಚಯದ ಉದ್ಯಾನವನ್ನು ಬಳಸಬಹುದು. ಸಮುಚ್ಚಯದಲ್ಲಾದರೆ ನಿವಾಸಿಗಳ ಸಂಘಕ್ಕೂ ಕಾವಲುಗಾರರಿಗೂ ಮೊದಲೇ ತಿಳಿಸಿ ಒಪ್ಪಿಗೆ ಪಡೆಯಬೇಕು.

ಡಬ್ಬಿಯು ನೀರು ಒಳನುಗ್ಗದಂತೆ ನಾಲ್ಕೂ ಕಡೆ ಬಿಗಿಯಾಗಿ ಮುಚ್ಚಿಕೊಳ್ಳುವ ಊಟದ ಪ್ಲಾಸ್ಟಿಕ್ ಡಬ್ಬಿಯಾದರೆ ಸಾಕು, ಗಾಜು ಬೇಡ. ಮಕ್ಕಳ ಕೈಗೆ ಸಿಗುವಂತೆ ಅರ್ಧ ಲೀಟರಿಗಿಂತ ದೊಡ್ಡದೇ ಇರಲಿ. ಹೊರಗೆ ದಪ್ಪ ಅಕ್ಷರಗಳಲ್ಲಿ ‘ಇದು ಮಕ್ಕಳ ಆಟದ ಡಬ್ಬಿ’ ಎಂದು ಬರೆದಿರಬೇಕು, ಸಾಧ್ಯವಾದರೆ ಒಳಗಿರುವುದು ಕಾಣುವಂತೆ ಡಬ್ಬಿ ಪಾರದರ್ಶಕವಾಗಿರಬೇಕು. ಒಳಗೆ ಜಿಪ್ ಇರುವ ಕವರಿನಲ್ಲಿ ಒಂದು ಸಣ್ಣ ಪುಸ್ತಕ ಮತ್ತು ಪೆನ್ಸಿಲ್ ಇಡಿ. ತೇವಕ್ಕೆ ಪೆನ್ನಿನ ಶಾಯಿ ಹರಡುತ್ತದೆ, ಪೆನ್ಸಿಲಿನ ಬರಹ ಉಳಿಯುತ್ತದೆ. ವಿನಿಮಯದ ಸಾಮಾನಿಗೆ ಹಣ ಖರ್ಚು ಮಾಡುವ ಅಗತ್ಯವಿಲ್ಲ: ಚನ್ನಪಟ್ಟಣದ ಪುಟ್ಟ ಬುಗುರಿ, ಗೋಲಿ, ಕವಡೆ, ಬಣ್ಣದ ಬಳೆ, ಹಳೆಯ ಅಂಚೆಚೀಟಿ, ಮಕ್ಕಳೇ ಬರೆದ ಚಿತ್ರ, ಇವೆಲ್ಲ ಚೆನ್ನಾಗಿ ನಡೆಯುತ್ತವೆ. ಮೂರು ವರ್ಷದೊಳಗಿನ ಮಗು ಜೊತೆಗಿದ್ದರೆ ಗೋಲಿ, ಕವಡೆಗಳನ್ನು ಬಿಡಬೇಕು, ಏಕೆಂದರೆ ಅವು ಬಾಯಿಗೆ ಹೋಗುತ್ತವೆ. ತಿನ್ನುವ ಪದಾರ್ಥ ಮಾತ್ರ ಯಾವ ಕಾರಣಕ್ಕೂ ಬೇಡ. ಮೊದಲು ಇರುವೆಗಳಿಗೆ ಸುಳಿವು ಸಿಗುತ್ತದೆ, ನಂತರ ಕೋತಿಗಳಿಗೆ.

ಬಚ್ಚಿಡುವ ಕೆಲಸವನ್ನು ದೊಡ್ಡ ಮಗುವಿಗೆ ಒಪ್ಪಿಸಿ, ಅಂಕಿಗಳನ್ನು ಬರೆದುಕೊಳ್ಳಲು ಹೇಳಿ. ಒಂದೇ ಸಲ ನೋಡಿದ ಅಂಕಿಯನ್ನು ನಂಬದೆ, ಸ್ವಲ್ಪ ದೂರ ಹೋಗಿ ಬಂದು ಮತ್ತೆ ಎರಡು ಮೂರು ಬಾರಿ ನೋಡಿ ಸರಾಸರಿ ತೆಗೆಯುವುದು ಜಿಯೋಕ್ಯಾಶಿಂಗ್ ಆಡುವವರ ರೂಢಿ. ನಂತರ ಚಿಕ್ಕವರು ಹುಡುಕಲಿ, ಮುಂದಿನ ವಾರ ಅದಲುಬದಲು ಮಾಡಬಹುದು. ಬಚ್ಚಿಡುವ ಮಗುವೇ ಹೆಚ್ಚು ಕಲಿಯುತ್ತದೆ ಎಂಬುದು ಎರಡು ಮೂರು ವಾರಗಳಲ್ಲಿ ನಿಮಗೇ ಗೊತ್ತಾಗುತ್ತದೆ: ಮಳೆ ಬಂದರೆ ನೀರು ಎಲ್ಲಿ ನಿಲ್ಲುತ್ತದೆ, ತೋಟದ ಆಳುಗಳು ಕಸ ಗುಡಿಸುವಾಗ ಡಬ್ಬಿ ಸಿಕ್ಕಿಬಿಡುತ್ತದೆಯೇ, ತಂಗಿಯ ಎತ್ತರಕ್ಕೆ ಅದು ಕಾಣುತ್ತದೆಯೇ ಎಂದೆಲ್ಲ ಯೋಚಿಸಬೇಕಾದವರು ಅವರು.

ಜಾಲತಾಣದಲ್ಲಿ ಪ್ರತಿ ಡಬ್ಬಿಗೂ ಇಂಗ್ಲಿಷ್ ಅಕ್ಷರಗಳನ್ನು ಹದಿಮೂರು ಸ್ಥಾನ ಸರಿಸಿ ಬರೆದ ಗುಪ್ತ ಸುಳಿವು ಇರಬಹುದು. ಆ್ಯಪ್ ಅದನ್ನು ತಾನೇ ಬಿಡಿಸಿ ತೋರಿಸುತ್ತದೆ. ಮನೆಯ ಆಟದಲ್ಲಿ ಇದನ್ನು ಕನ್ನಡ ವರ್ಣಮಾಲೆಯಲ್ಲಿ ಮಾಡಿ ನೋಡಿ. ಪ್ರತಿ ವ್ಯಂಜನದ ಬದಲು ಮುಂದಿನ ವ್ಯಂಜನವನ್ನು ಬರೆದರೆ ‘ಮರ’ ಎಂಬುದು ‘ಯಲ’ ಆಗುತ್ತದೆ, ‘ಕಲ್ಲು’ ಎಂಬುದು ‘ಖವ್ವು’ ಆಗುತ್ತದೆ. ವರ್ಣಮಾಲೆಯನ್ನು ಬಾಯಿಪಾಠ ಮಾಡಲು ಒಲ್ಲದ ಮಕ್ಕಳೂ ಡಬ್ಬಿಯ ಆಸೆಗೆ ಅದನ್ನು ಮೊದಲಿನಿಂದ ಕೊನೆಯವರೆಗೆ ಬರೆದುಕೊಂಡು ಕೂರುತ್ತಾರೆ.

ಊರಿನಲ್ಲಿ: ಡಬ್ಬಿಯಿಲ್ಲದ ಹುಡುಕಾಟ

ಜಿಯೋಕ್ಯಾಶಿಂಗ್‌ನಲ್ಲಿ ಡಬ್ಬಿಯೇ ಇಲ್ಲದ ಪ್ರಕಾರಗಳೂ ಇವೆ. ವರ್ಚುವಲ್ ಎಂಬುದರಲ್ಲಿ ಹೇಳಿದ ಜಾಗಕ್ಕೆ ಹೋಗಿ ಅಲ್ಲಿ ಕಾಣುವುದರ ಬಗ್ಗೆ ಪ್ರಶ್ನೆಗೆ ಉತ್ತರಿಸಬೇಕು ಅಥವಾ ಫೋಟೋ ತೆಗೆಯಬೇಕು. ಅರ್ತ್‌ಕ್ಯಾಶ್ ಎಂಬುದರಲ್ಲಿ ಸ್ಥಳದ ಭೂವಿಜ್ಞಾನದ ಬಗ್ಗೆ ಪ್ರಶ್ನೆಗಳಿರುತ್ತವೆ. ಮಲ್ಟಿ ಎಂಬ ಪ್ರಕಾರದಲ್ಲಿ ಒಂದು ಜಾಗದಲ್ಲಿ ಸಿಕ್ಕ ಅಂಕಿಯಿಂದ ಮುಂದಿನ ಜಾಗದ ಅಂಕಿ ಸಿದ್ಧವಾಗುತ್ತದೆ. ಈ ಮೂರನ್ನೂ ಬೆರೆಸಿ ಮನೆಯವರೇ ಒಂದು ದಾರಿಯನ್ನು ರೂಪಿಸಲು ಮೈಸೂರಿನಷ್ಟು ಅನುಕೂಲವಾದ ಊರು ಅಪರೂಪ. ಎಲ್ಲಿಯೂ ಏನನ್ನೂ ಇಡುವುದಿಲ್ಲವಾದ್ದರಿಂದ ಯಾರ ಅನುಮಾನಕ್ಕೂ ಎಡೆಯಿಲ್ಲ.

ಉದಾಹರಣೆಗೆ ಭಾನುವಾರ ಬೆಳಿಗ್ಗೆ, ವಾಹನಗಳ ದಟ್ಟಣೆ ಏರುವ ಮುನ್ನ, ದೊಡ್ಡ ಗಡಿಯಾರದ ಬಳಿಯಿಂದ ಆರಂಭಿಸಬಹುದು. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯ ರಜತ ಮಹೋತ್ಸವದ ನೆನಪಿಗೆ 1927ರಲ್ಲಿ ನಿರ್ಮಿಸಿದ ಈ ಗೋಪುರದ ಗಡಿಯಾರದಲ್ಲಿ ಅಂಕಿಗಳು ಕನ್ನಡದಲ್ಲಿವೆ. ‘ಚಿಕ್ಕ ಮುಳ್ಳು ೭ರ ಮೇಲೆ ಬಂದಾಗ ಅದರ ಎದುರಿಗೆ ನೇರವಾಗಿ ಯಾವ ಅಂಕಿ ಇರುತ್ತದೆ?’ ಎಂಬುದು ಮೊದಲ ಪ್ರಶ್ನೆಯಾಗಲಿ. ಆ ಉತ್ತರವೇ ಮುಂದಿನ ಸ್ಥಾನದ ಕೊನೆಯ ಅಂಕಿಯಾಗಲಿ. ಅಲ್ಲಿಂದ ಪಕ್ಕದ ಪುರಭವನ, ಆಮೇಲೆ ಕೃಷ್ಣರಾಜ ವೃತ್ತ, ಚಿಕ್ಕ ಗಡಿಯಾರ ಎಂದು ನಾಲ್ಕು ನಿಲುಗಡೆ ಸಾಕು. ಹಿಂದಿನ ದಿನವೇ ಹಿರಿಯರಲ್ಲಿ ಒಬ್ಬರು ಹೋಗಿ, ಮಕ್ಕಳು ಎಣಿಸಬಹುದಾದ ಮೆಟ್ಟಿಲು, ಕಮಾನು, ಕಿಟಕಿಗಳನ್ನು ಗುರುತು ಮಾಡಿಕೊಂಡು, ಅಂಕಿಗಳನ್ನು ಬರೆದು ತಂದಿರಬೇಕು. ರಸ್ತೆ ದಾಟುವಾಗ ಫೋನು ಹಿರಿಯರ ಕೈಯಲ್ಲೇ ಇರಬೇಕು, ಪರದೆಯನ್ನು ನೋಡುತ್ತ ಯಾರೂ ನಡೆಯಬಾರದು. ದಸರೆಯ ದಿನಗಳಲ್ಲಿ ಈ ಭಾಗದ ಜನಸಂದಣಿ ಮತ್ತು ಪೊಲೀಸ್ ಬಂದೋಬಸ್ತು ಎರಡೂ ಹೆಚ್ಚಿರುವುದರಿಂದ ಆಗ ಇದನ್ನು ಇಟ್ಟುಕೊಳ್ಳಬೇಡಿ.

ನಡೆದಾಡಲು ನೆಮ್ಮದಿಯ ಜಾಗ ಬೇಕೆನ್ನುವವರಿಗೆ ಕುಕ್ಕರಹಳ್ಳಿ ಕೆರೆಯ ದಂಡೆಯ ಕಾಲುದಾರಿ ಇದೆ. ಸ್ವಲ್ಪ ದೊಡ್ಡ ಮಕ್ಕಳಿದ್ದರೆ ಚಾಮುಂಡಿ ಬೆಟ್ಟದ ಬಂಡೆಗಳ ಬಗ್ಗೆ ಅರ್ತ್‌ಕ್ಯಾಶ್ ಮಾದರಿಯ ಪ್ರಶ್ನೆಗಳನ್ನು ರೂಪಿಸಬಹುದು: ಗ್ರಾನೈಟಿನಲ್ಲಿ ಬರಿಗಣ್ಣಿಗೆ ಎಷ್ಟು ಬಣ್ಣದ ಹರಳುಗಳು ಕಾಣುತ್ತವೆ, ಮೆಟ್ಟಿಲಿನ ಪಕ್ಕದ ಬಂಡೆಯ ಮೇಲ್ಮೈ ಒರಟೋ ನುಣುಪೋ, ಒಂದೇ ಬಂಡೆಯಲ್ಲಿ ಕೆತ್ತಿದ ನಂದಿಯ ಬಣ್ಣ ಸುತ್ತಲಿನ ಕಲ್ಲಿಗಿಂತ ಬೇರೆಯಾಗಿ ಕಾಣುವುದೇಕೆ? ಕೊನೆಯ ಪ್ರಶ್ನೆಗೆ ಎಣ್ಣೆ ಎಂಬ ಉತ್ತರ ಮಕ್ಕಳಿಂದಲೇ ಬರಲಿ. ಬೆಟ್ಟದಲ್ಲಿ ಕೋತಿಗಳಿರುವುದರಿಂದ ತಿಂಡಿಯ ಚೀಲವನ್ನು ತೆರೆದು ಹಿಡಿಯಬಾರದು.

ಅಪರಿಚಿತರ ಡಬ್ಬಿಯ ಕಡೆಗೆ

ಇಷ್ಟಾದ ಮೇಲೆ ಆ್ಯಪ್ ಇಳಿಸಿಕೊಂಡು ಖಾತೆ ತೆರೆಯಬಹುದು. ಉಚಿತ ಖಾತೆಯೇ ಸಾಕು. ಹಣ ಕೊಟ್ಟು ಪಡೆಯುವ ಸದಸ್ಯತ್ವದ ಬಗ್ಗೆ ಒಂದು ವರ್ಷದ ಮಟ್ಟಿಗಂತೂ ಯೋಚಿಸಬೇಕಿಲ್ಲ. ಖಾತೆಯು ಹಿರಿಯರದ್ದಾಗಿರಲಿ, ಅಡ್ಡಹೆಸರಿನಲ್ಲಿರಲಿ, ಮಕ್ಕಳ ಹೆಸರಾಗಲಿ ಶಾಲೆಯ ಹೆಸರಾಗಲಿ ಫೋಟೋವಾಗಲಿ ಅದರಲ್ಲಿ ಬೇಡ. ವಿದೇಶದಲ್ಲಿರುವ ನೆಂಟರು ಕೈಯಲ್ಲಿ ಹಿಡಿಯುವ ಜಿಪಿಎಸ್ ಉಪಕರಣ ತಂದುಕೊಡುತ್ತೇವೆ ಎಂದರೆ ಒಂದು ಎಚ್ಚರಿಕೆ ಅಗತ್ಯ: ಉಪಗ್ರಹದ ಮೂಲಕ ಸಂದೇಶ ಕಳುಹಿಸುವ ಸೌಲಭ್ಯವಿರುವ ಉಪಕರಣಗಳನ್ನು ಪರವಾನಗಿಯಿಲ್ಲದೆ ಭಾರತದಲ್ಲಿ ಬಳಸುವಂತಿಲ್ಲ. ಮಕ್ಕಳ ಆಟಕ್ಕೆ ಫೋನು ಸಾಕು.

ನಕ್ಷೆಯಲ್ಲಿ ಕಾಣುವ ಡಬ್ಬಿಗೆ ಎರಡು ಅಳತೆಗಳಿರುತ್ತವೆ: ಹುಡುಕುವ ಕಷ್ಟ ಮತ್ತು ನೆಲದ ಕಷ್ಟ, ಎರಡೂ ಒಂದರಿಂದ ಐದರವರೆಗೆ. ಚಿಕ್ಕ ಮಕ್ಕಳಿದ್ದಾಗ ಎರಡೂ ಒಂದೂವರೆ ಮೀರದಂತೆ ನೋಡಿಕೊಳ್ಳಿ. ಗಾತ್ರದಲ್ಲಿ ಮೈಕ್ರೋ ಎಂದಿದ್ದರೆ ಅದು ಹಳೆಯ ಫಿಲಂ ಡಬ್ಬಿಯಷ್ಟಿರುತ್ತದೆ, ಒಳಗೆ ಹೆಸರು ಬರೆಯುವ ಚೀಟಿಯಲ್ಲದೆ ಬೇರೇನೂ ಹಿಡಿಯುವುದಿಲ್ಲ. ಮಕ್ಕಳಿಗೆ ಅದರಿಂದ ನಿರಾಸೆಯೇ ಹೆಚ್ಚು. ಸ್ಮಾಲ್ ಅಥವಾ ರೆಗ್ಯುಲರ್ ಎಂದಿರುವುದನ್ನೇ ಆರಿಸಿಕೊಳ್ಳಿ. ಇವೆಲ್ಲಕ್ಕಿಂತ ಮುಖ್ಯವಾಗಿ, ಹಿಂದೆ ಹುಡುಕಿದವರ ಟಿಪ್ಪಣಿಗಳನ್ನು ಓದಿ. ಕೊನೆಯ ಬಾರಿ ಸಿಕ್ಕಿ ವರ್ಷಗಳೇ ಕಳೆದಿದ್ದರೆ ಅಥವಾ ಕೊನೆಯ ಎರಡು ಮೂರು ತಂಡಗಳಿಗೆ ಸಿಕ್ಕಿಲ್ಲವೆಂದಿದ್ದರೆ ಅಂಥದ್ದರ ಹಿಂದೆ ಮಕ್ಕಳನ್ನು ಕರೆದುಕೊಂಡು ಹೋಗಬಾರದು.

ಸ್ಥಳದಲ್ಲಿ ಪಾಲಿಸಬೇಕಾದ ನಿಯಮ ಒಂದೇ, ಅದನ್ನು ಹೊರಡುವ ಮುನ್ನವೇ ಮಕ್ಕಳ ಬಾಯಲ್ಲಿ ಹೇಳಿಸಬೇಕು: ಅಪ್ಪ ಅಥವಾ ಅಮ್ಮ ‘ಇದೇ’ ಎನ್ನುವವರೆಗೆ ಹುಡುಕುವುದು ಕಣ್ಣು ಮಾತ್ರ, ಕೈಯಲ್ಲ. ಮಗು ಕಂಡದ್ದನ್ನು ಬೆರಳಿನಿಂದ ತೋರಿಸಲಿ. ಪುಟದಲ್ಲಿರುವ ವಿವರಣೆ, ಗಾತ್ರ, ಚಿತ್ರಗಳೊಂದಿಗೆ ಅದು ಹೊಂದುತ್ತದೆಯೇ ಎಂದು ಹಿರಿಯರು ನೋಡಲಿ. ಹೊಂದದಿದ್ದರೆ ಮುಟ್ಟದೆ ದೂರ ಸರಿಯಬೇಕು, ಅನುಮಾನ ಬಂದರೆ 112ಕ್ಕೆ ತಿಳಿಸಬೇಕು. ಹೊಂದಿದರೂ ಕಲ್ಲಿನ ಸಂದಿಗೆ, ಮರದ ಪೊಟರೆಗೆ ಕೈ ಹಾಕುವ ಮುನ್ನ ಹಿರಿಯರು ಕೋಲಿನಿಂದ ತಟ್ಟಿ ನೋಡಬೇಕು. ಹಾವು, ಚೇಳುಗಳಿಗೂ ಅಂಥ ಜಾಗವೇ ಇಷ್ಟ. ಹಾವು ಕಚ್ಚಿದರೆ ಕಟ್ಟುವುದು, ಕೊಯ್ಯುವುದು ಯಾವುದನ್ನೂ ಮಾಡದೆ 108ಕ್ಕೆ ಕರೆ ಮಾಡಿ ನೇರವಾಗಿ ಆಸ್ಪತ್ರೆಗೆ ಹೋಗಬೇಕು. ಪೊದೆಗಳಿರುವ ಕಡೆ ತುಂಬುತೋಳಿನ ಅಂಗಿ, ಮುಚ್ಚಿದ ಬೂಟು ಇರಲಿ. ನಸುಗುನ್ನಿ ಕಾಯಿಯ ರೋಮ ತಗುಲಿದರೆ ತುರಿಕೆಯಿಂದ ಆ ದಿನವೇ ಹಾಳಾಗುತ್ತದೆ, ಪಾರ್ಥೇನಿಯಂ ಕೆಲವರಿಗೆ ಒಗ್ಗುವುದಿಲ್ಲ. ಮಂಡ್ಯದ ಕಡೆ ಕಬ್ಬಿನ ಗದ್ದೆಗಳಲ್ಲಿ ಚಿರತೆಗಳು ಕಾಣಿಸಿಕೊಳ್ಳುವುದರಿಂದ ಬೆಳೆದು ನಿಂತ ಕಬ್ಬಿನ ಅಂಚಿನಲ್ಲಿ, ಅದರಲ್ಲೂ ಸಂಜೆ, ಹುಡುಕಾಟ ಬೇಡ. ನಾಲೆಗಳ ಏರಿಯ ಮೇಲಂತೂ ಮಕ್ಕಳನ್ನು ಬಿಡಲೇಬಾರದು. ನಾಲೆಯ ನೀರು ಶಾಂತವಾಗಿ ಕಂಡರೂ ಸೆಳೆತ ಬಲವಾಗಿರುತ್ತದೆ.

ಡಬ್ಬಿ ಸಿಕ್ಕಿದ ಮೇಲೆ ಮಕ್ಕಳಿಗೆ ಪುಸ್ತಕಕ್ಕಿಂತ ಒಳಗಿನ ಆಟಿಕೆಯ ಮೇಲೆಯೇ ಕಣ್ಣು. ತೆಗೆದುಕೊಂಡದ್ದಕ್ಕೆ ಸಮನಾದದ್ದನ್ನು ಅಥವಾ ಅದಕ್ಕಿಂತ ಒಳ್ಳೆಯದನ್ನು ಇಡಬೇಕು ಎಂಬ ನಿಯಮವನ್ನು ಮಕ್ಕಳು ಹಿರಿಯರಿಗಿಂತ ಕಟ್ಟುನಿಟ್ಟಾಗಿ ಪಾಲಿಸುತ್ತಾರೆ. ಅಂಕಿ ಕೊರೆದ ಲೋಹದ ಬಿಲ್ಲೆ ಸಿಕ್ಕಿದರೆ ಅದು ಉಡುಗೊರೆಯಲ್ಲ. ಡಬ್ಬಿಯಿಂದ ಡಬ್ಬಿಗೆ ಪ್ರಯಾಣ ಮಾಡುವ ಅದರ ಸಂಖ್ಯೆಯನ್ನು ಜಾಲತಾಣದಲ್ಲಿ ದಾಖಲಿಸಿ, ಬೇಗನೆ ಇನ್ನೊಂದು ಡಬ್ಬಿಗೆ ಸೇರಿಸುವುದಾದರೆ ಮಾತ್ರ ತೆಗೆದುಕೊಳ್ಳಬೇಕು. ಸುತ್ತಮುತ್ತ ಯಾರಾದರೂ ಏನು ಹುಡುಕುತ್ತಿದ್ದೀರಿ ಎಂದು ಕೇಳಿದರೆ ಮರೆಮಾಚದೆ, ಪರದೆಯನ್ನು ತೋರಿಸಿ ಹೇಳಿಬಿಡುವುದೇ ಲೇಸು. ಅಪರಿಚಿತರ ಕಣ್ಣಿಗೆ ಬೀಳದಂತೆ ಹುಡುಕಬೇಕೆಂಬ ಪಾಶ್ಚಾತ್ಯರ ರೂಢಿಯನ್ನು ನಮ್ಮ ಊರುಗಳಲ್ಲಿ ಪಾಲಿಸಹೊರಟರೆ ಕಳ್ಳರೆಂದು ತಿಳಿದಾರು.

ಇಪ್ಪತ್ತು ನಿಮಿಷ ಹುಡುಕಿಯೂ ಸಿಗದಿದ್ದರೆ ನಿಲ್ಲಿಸಿ, ಸಿಗಲಿಲ್ಲವೆಂದು ಪುಟದಲ್ಲಿ ದಾಖಲಿಸಿ. ಡಬ್ಬಿ ಕಾಣೆಯಾಗಿರಬಹುದೆಂಬುದು ಇಟ್ಟವರಿಗೆ ತಿಳಿಯುವುದು ಇಂಥ ದಾಖಲೆಗಳಿಂದಲೇ.

ಸಾರ್ವಜನಿಕವಾಗಿ ಇಡುವುದಾದರೆ

ಆರೆಂಟು ಡಬ್ಬಿ ಹುಡುಕಿದ ಮೇಲೆ ಮಕ್ಕಳು ನಮ್ಮದೂ ಒಂದು ಜಾಲತಾಣದಲ್ಲಿ ಬರಲಿ ಎನ್ನುತ್ತಾರೆ. ಇಲ್ಲಿ ನಿಯಮಗಳು ಬಿಗಿಯಾಗಿವೆ. ಜಾಗದ ಮಾಲೀಕರ ಅನುಮತಿ ಬೇಕು. ಇನ್ನೊಬ್ಬರ ಡಬ್ಬಿಯಿಂದ ಕನಿಷ್ಠ 161 ಮೀಟರ್ ದೂರವಿರಬೇಕು. ನೆಲ ಅಗೆದು ಹೂಳುವಂತಿಲ್ಲ. ಉಲ್ಮರ್ ಅವರ ಮೊದಲ ಬಕೆಟ್ಟು ಅರ್ಧ ನೆಲದೊಳಗಿತ್ತು, ಇಂದಾಗಿದ್ದರೆ ಅದಕ್ಕೆ ಒಪ್ಪಿಗೆ ಸಿಗುತ್ತಿರಲಿಲ್ಲ! ನಿಯಮಗಳಾಚೆಗೆ ನಮ್ಮ ಜಿಲ್ಲೆಗಳ ವಿವೇಕವೂ ಒಂದಿದೆ. ಕೃಷ್ಣರಾಜಸಾಗರ ಅಣೆಕಟ್ಟೆ, ರೈಲು ಮತ್ತು ಬಸ್ ನಿಲ್ದಾಣಗಳು, ದೇವಸ್ಥಾನಗಳು, ಶಾಲೆಗಳು, ಶ್ರೀರಂಗಪಟ್ಟಣದ ದರಿಯಾ ದೌಲತ್‌ನಂಥ ಸಂರಕ್ಷಿತ ಸ್ಮಾರಕಗಳು, ರಂಗನತಿಟ್ಟು ಪಕ್ಷಿಧಾಮ, ಮೇಲುಕೋಟೆಯ ವನ್ಯಧಾಮದ ಕಾಡು, ಇವುಗಳಲ್ಲಿಯೂ ಇವುಗಳ ಸಮೀಪದಲ್ಲಿಯೂ ಯಾವುದೇ ಡಬ್ಬಿ ಇಡಬಾರದು. ಉಳಿಯುವುದು ಪರಿಚಿತರ ತೋಟದ ಬೇಲಿಯೊಳಗಿನ ಜಾಗ, ಹೋಂಸ್ಟೇ ನಡೆಸುವ ಸ್ನೇಹಿತರ ಅಂಗಳ, ಪುಸ್ತಕದ ಅಂಗಡಿಯ ಮಾಲೀಕರು ಒಪ್ಪಿದರೆ ಅವರ ಒಂದು ಕಪಾಟು. ಮಾಲೀಕರು ಸದಾ ಇರುವ ಕಡೆ ಡಬ್ಬಿಗೂ ಕಾವಲು, ಬಂದವರಿಗೂ ವಿವರಣೆ ಸಿಗುತ್ತದೆ.

ಇಟ್ಟ ಡಬ್ಬಿಯನ್ನು ನೋಡಿಕೊಳ್ಳುವುದು ಇಟ್ಟವರ ಹೊಣೆ. ಮುಂಗಾರು ಕಳೆದ ಮೇಲೆ ಒಮ್ಮೆ, ಹಿಂಗಾರು ಕಳೆದ ಮೇಲೆ ಒಮ್ಮೆ ಮಕ್ಕಳೊಂದಿಗೆ ಹೋಗಿ, ಒದ್ದೆಯಾದ ಪುಸ್ತಕವನ್ನು ಬದಲಿಸಿ, ಮುಚ್ಚಳದ ರಬ್ಬರು ಸರಿಯಿದೆಯೇ ನೋಡಿ. ಸರಿಪಡಿಸಲು ತಡವಾಗುವುದಾದರೆ ಪುಟದಲ್ಲಿ ‘ತಾತ್ಕಾಲಿಕವಾಗಿ ಲಭ್ಯವಿಲ್ಲ’ ಎಂದು ಗುರುತು ಹಾಕುವ ಸೌಲಭ್ಯವಿದೆ. ವರ್ಗಾವಣೆಯಾಗಿ ಊರು ಬಿಡುವವರು ಡಬ್ಬಿಯನ್ನು ಸ್ನೇಹಿತರ ಮನೆಯವರಿಗೆ ವಹಿಸಿಕೊಡಬಹುದು, ಯಾರೂ ಸಿಗದಿದ್ದರೆ ಡಬ್ಬಿಯನ್ನು ತೆಗೆದುಕೊಂಡು ಬಂದು ಪುಟವನ್ನು ಮುಕ್ತಾಯಗೊಳಿಸಬೇಕು.